ವಳಿವಡೆಗೆ ಬಂದ ಮಕ್ಕಳು, ಬಾರದ ಮಕ್ಕಳು: ಯುದ್ಧಕಾಲದ ನಿರಾಶ್ರಿತರ ಕಥೆಪುಸ್ತಕಗಳ ಹಿಂದಿನ ಇತಿಹಾಸ



ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಭಾಗದ ನಮ್ಮ ಎಷ್ಟೋ ಮನೆಗಳಲ್ಲಿ ಮದುವೆ ಜವಳಿ ಎಂದರೆ ಗಾಂಧಿನಗರವೇ. ಬೆಳಿಗ್ಗೆ ಹೋಗಿ ಸಂಜೆವರೆಗೆ ಅಂಗಡಿ ಅಂಗಡಿ ಸುತ್ತಿ, ಸೀರೆ, ಧೋತರ, ಟೋಪಿ, ಟವೆಲ್ಲಿನ ಗಂಟು ಕಟ್ಟಿಕೊಂಡು ಬರುತ್ತೇವೆ. ಆ ಅಂಗಡಿಸಾಲುಗಳು ನಿಂತಿರುವ ನೆಲ ಎರಡು ಸಲ ನಿರಾಶ್ರಿತರಿಗೆ ಮನೆಯಾಗಿತ್ತು ಎಂಬುದು ಮಾತ್ರ ನಮ್ಮ ಮಕ್ಕಳಿಗೆ ಗೊತ್ತಿಲ್ಲ. ದೊಡ್ಡವರಲ್ಲೂ ಗೊತ್ತಿರುವವರು ಕಡಿಮೆ.

ಈಗಿನ ಮಕ್ಕಳು ಶಾಲೆಯ ಗ್ರಂಥಾಲಯದಿಂದಲೋ ಮೊಬೈಲಿನಲ್ಲೋ ಎರಡನೆಯ ಮಹಾಯುದ್ಧದ ಕಾಲದ ಯಹೂದಿ ಮಕ್ಕಳ ಕಥೆಗಳನ್ನು ಓದುತ್ತಾರೆ. ಓದಿ ಮುಗಿಸಿದ ಮಗು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಅವರು ಬೇರೆ ದೇಶಕ್ಕೆ ಓಡಿ ಹೋಗಬಹುದಿತ್ತಲ್ಲ? ನಮ್ಮಲ್ಲಿಗೆ ಬರಬಹುದಿತ್ತಲ್ಲ?" ವಳಿವಡೆಯ ಬಗ್ಗೆ ಅಷ್ಟಿಷ್ಟು ಕೇಳಿದ ದೊಡ್ಡವರು, "ಬಂದಿದ್ದರಲ್ಲ, ಕೊಲ್ಹಾಪುರದಲ್ಲೇ ಯಹೂದಿಗಳ ಕ್ಯಾಂಪ್ ಇತ್ತು" ಎಂದುಬಿಡುತ್ತಾರೆ. ಈ ಉತ್ತರ ಪ್ರೀತಿಯಿಂದ ಬಂದದ್ದಾದರೂ ಸರಿಯಲ್ಲ. ವಳಿವಡೆಗೆ ಬಂದವರು ಪೋಲೆಂಡಿನವರು, ಬಹುಪಾಲು ಕ್ಯಾಥೊಲಿಕ್ ಕ್ರೈಸ್ತರು. ಕಥೆಪುಸ್ತಕದ ಯಹೂದಿ ಮಕ್ಕಳ ದಾರಿ ಬೇರೆಯಾಗಿತ್ತು. ಆದರೆ ಆ ಎರಡು ದಾರಿಗಳು ಸ್ವಲ್ಪ ದೂರ ಜೊತೆಯಾಗಿ ಸಾಗಿದ್ದವು. ಅವು ಎಲ್ಲಿ ಕೂಡಿದವು, ಎಲ್ಲಿ ಬೇರೆಯಾದವು ಎಂದು ತಿಳಿದರೆ ಮಗುವಿನ ಪ್ರಶ್ನೆಗೆ ನಿಜವಾದ ಉತ್ತರ ಕೊಡಬಹುದು. ಈ ಲೇಖನ ಅದಕ್ಕಾಗಿ.

ಕಥೆಪುಸ್ತಕಗಳಲ್ಲಿ ಇರುವುದೇನು?

ಹೆಸರಾದ ನಾಲ್ಕು ಪುಸ್ತಕಗಳನ್ನು ನೋಡೋಣ. ನಾಲ್ಕೂ ನಡೆದ ಸಂಗತಿಗಳ ಮೇಲೆ ನಿಂತಿವೆ.

ಮೊದಲನೆಯದು ಜುಡಿತ್ ಕೆರ್ ಅವರ 'ವೆನ್ ಹಿಟ್ಲರ್ ಸ್ಟೋಲ್ ಪಿಂಕ್ ರ‍್ಯಾಬಿಟ್' (1971). ಕೆರ್ ಅವರ ತಂದೆ ಬರ್ಲಿನ್ನಿನ ಹೆಸರಾಂತ ನಾಟಕ ವಿಮರ್ಶಕರು, ಹಿಟ್ಲರನನ್ನು ಬಹಿರಂಗವಾಗಿ ಟೀಕಿಸಿದವರು. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ ಕೂಡಲೇ ಕುಟುಂಬ ದೇಶ ಬಿಟ್ಟಿತು. ಆಗ ಜುಡಿತ್‌ಗೆ ಒಂಬತ್ತು ವರ್ಷ. ಸ್ವಿಟ್ಜರ್ಲೆಂಡ್, ಪ್ಯಾರಿಸ್, ಕೊನೆಗೆ ಲಂಡನ್ ಎಂದು ಅಲೆದರು. ಮನೆಯಲ್ಲೇ ಬಿಟ್ಟುಬಂದ ಬಟ್ಟೆಯ ಮೊಲ ಕಥೆಗೆ ಹೆಸರಾಯಿತು. ಹೊಸ ದೇಶ, ಹೊಸ ಶಾಲೆ, ಬಾರದ ಭಾಷೆ, ಕೈಯಲ್ಲಿ ಕಾಸಿಲ್ಲದ ಅಪ್ಪ: ಪುಸ್ತಕದ ತುಂಬ ಇರುವುದು ಇವೇ.

ಎರಡನೆಯದು ಎಸ್ತರ್ ಹೌಟ್‌ಜಿಗ್ ಅವರ 'ದಿ ಎಂಡ್‌ಲೆಸ್ ಸ್ಟೆಪ್' (1968). ವಿಲ್ನಾ ನಗರದ ಯಹೂದಿ ಹುಡುಗಿ ಎಸ್ತರ್‌ಳನ್ನು 1941ರ ಜೂನ್‌ನಲ್ಲಿ ಸೋವಿಯತ್ ಸೈನಿಕರು ಮನೆಯವರ ಸಮೇತ ಸೈಬೀರಿಯಾಕ್ಕೆ ಸಾಗಿಸುತ್ತಾರೆ. ನಮ್ಮ ವಳಿವಡೆಯ ಕಥೆಗೆ ಅತ್ಯಂತ ಹತ್ತಿರದ ಪುಸ್ತಕ ಇದು. ಮುಂದೆ ಮತ್ತೆ ಇದಕ್ಕೆ ಬರುತ್ತೇವೆ.

ಮೂರನೆಯದು ಲೋಯಿಸ್ ಲೌರಿ ಅವರ 'ನಂಬರ್ ದಿ ಸ್ಟಾರ್ಸ್' (1989). 1943ರ ಅಕ್ಟೋಬರ್‌ನಲ್ಲಿ ಡೆನ್ಮಾರ್ಕಿನ ಸಾಮಾನ್ಯ ಜನ, ಮೀನುಗಾರರು ಸೇರಿ, ಸುಮಾರು 7,000 ಯಹೂದಿಗಳನ್ನು ದೋಣಿಗಳಲ್ಲಿ ಕಡಲು ದಾಟಿಸಿ ಸ್ವೀಡನ್ನಿಗೆ ಮುಟ್ಟಿಸಿದರು. ಲೌರಿಯವರ ಕಾದಂಬರಿಯ ಪಾತ್ರಗಳು ಕಲ್ಪಿತ, ಘಟನೆ ನಿಜ.

ನಾಲ್ಕನೆಯದು ಎಲ್ಲರಿಗೂ ಗೊತ್ತಿರುವ ಆನ್ ಫ್ರಾಂಕಳ ದಿನಚರಿ. ಇದು ಕಥೆಯಲ್ಲ, ನಿಜವಾದ ದಿನಚರಿ. ಆನ್ ಹುಟ್ಟಿದ್ದು ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ, 1929ರಲ್ಲಿ. ನಾಜಿಗಳ ಕಾಟ ತಾಳದೆ ಕುಟುಂಬ ಹಾಲೆಂಡಿಗೆ ಹೋಯಿತು. ಅಂದರೆ ಬಚ್ಚಿಟ್ಟುಕೊಳ್ಳುವ ಮೊದಲೇ ಆಕೆ ನಿರಾಶ್ರಿತಳು. ಆಕೆಯ ತಂದೆ ಅಮೆರಿಕದ ವೀಸಾಕ್ಕಾಗಿ ಪ್ರಯತ್ನಪಟ್ಟರು, ಸಿಗಲಿಲ್ಲ. 1945ರ ಆರಂಭದಲ್ಲಿ ಬರ್ಗನ್-ಬೆಲ್ಸನ್ ಶಿಬಿರದಲ್ಲಿ ಆನ್ ತೀರಿಕೊಂಡಳು.

ನಾಜಿಗಳು ಕೊಂದ ಯಹೂದಿಗಳು ಸುಮಾರು 60 ಲಕ್ಷ. ಅದರಲ್ಲಿ ಮಕ್ಕಳೇ ಸುಮಾರು 15 ಲಕ್ಷ. ಕಥೆ ಹೇಳಲು ಉಳಿದವರು ಕಡಿಮೆ. ಆದ್ದರಿಂದ ಕಥೆಪುಸ್ತಕಗಳಲ್ಲಿ ಬದುಕುಳಿದವರೇ ಹೆಚ್ಚಾಗಿ ಕಾಣುತ್ತಾರೆ. ಮಕ್ಕಳಿಗೆ ಈ ಮಾತನ್ನು ಮೊದಲೇ ಹೇಳುವುದು ಒಳ್ಳೆಯದು.

ಓಡಿ ಹೋಗಬಹುದಿತ್ತಲ್ಲ?

1933ರಿಂದ 1939ರವರೆಗೆ ಜರ್ಮನಿಯಿಂದ ಹೊರಬೀಳುವುದು ಕಷ್ಟವಾದರೂ ಸಾಧ್ಯವಿತ್ತು. ಒಳಗೆ ಬಿಟ್ಟುಕೊಳ್ಳುವ ದೇಶ ಸಿಗುವುದು ಅದಕ್ಕಿಂತ ಕಷ್ಟವಾಗಿತ್ತು.

1935ರ ನ್ಯೂರೆಂಬರ್ಗ್ ಕಾನೂನುಗಳು ಯಹೂದಿಗಳ ಪೌರತ್ವವನ್ನೇ ಕಿತ್ತುಕೊಂಡವು. 1938ರ ಜುಲೈನಲ್ಲಿ ಫ್ರಾನ್ಸಿನ ಎವಿಯಾನ್ ಎಂಬಲ್ಲಿ 32 ದೇಶಗಳ ಪ್ರತಿನಿಧಿಗಳು ನಿರಾಶ್ರಿತರ ಬಗ್ಗೆ ಸಭೆ ಕೂಡಿದರು. ಮರುಕ ಎಲ್ಲರೂ ತೋರಿಸಿದರು, ಜಾಗ ಕೊಡಲು ಮಾತ್ರ ಹೆಚ್ಚುಕಡಿಮೆ ಯಾರೂ ಮುಂದೆ ಬರಲಿಲ್ಲ. ಅದೇ ನವೆಂಬರ್‌ನಲ್ಲಿ ಜರ್ಮನಿಯಾದ್ಯಂತ ಯಹೂದಿಗಳ ಪ್ರಾರ್ಥನಾ ಮಂದಿರ, ಅಂಗಡಿಗಳಿಗೆ ಬೆಂಕಿ ಬಿತ್ತು. ಆಮೇಲೆ ಬ್ರಿಟನ್ ಮಕ್ಕಳಿಗೆ ಮಾತ್ರ ಬಾಗಿಲು ತೆರೆಯಿತು. 1938ರ ಡಿಸೆಂಬರ್‌ನಿಂದ ಯುದ್ಧ ಶುರುವಾಗುವವರೆಗೆ ಸುಮಾರು 10,000 ಮಕ್ಕಳು ರೈಲು, ಹಡಗುಗಳಲ್ಲಿ ಅಲ್ಲಿಗೆ ತಲುಪಿದರು. ತಂದೆತಾಯಿಗೆ ಪ್ರವೇಶವಿರಲಿಲ್ಲ. ರೈಲು ನಿಲ್ದಾಣದಲ್ಲಿ ಕೈಬೀಸಿ ನಿಂತ ಆ ಅಪ್ಪ ಅಮ್ಮಂದಿರನ್ನು ಬಹಳಷ್ಟು ಮಕ್ಕಳು ಮತ್ತೆ ನೋಡಲೇ ಇಲ್ಲ.

1939ರ ಮೇ ತಿಂಗಳಲ್ಲಿ ಸೇಂಟ್ ಲೂಯಿಸ್ ಎಂಬ ಹಡಗು 937 ಪ್ರಯಾಣಿಕರೊಂದಿಗೆ ಹ್ಯಾಂಬರ್ಗ್‌ನಿಂದ ಕ್ಯೂಬಾಕ್ಕೆ ಹೊರಟಿತು. ಬಹುತೇಕ ಎಲ್ಲರೂ ಯಹೂದಿಗಳು. ಕ್ಯೂಬಾ ಬೆರಳೆಣಿಕೆಯ ಜನರನ್ನು ಇಳಿಸಿಕೊಂಡಿತು, ಅಮೆರಿಕ ಯಾರನ್ನೂ ಇಳಿಸಿಕೊಳ್ಳಲಿಲ್ಲ. ಹಡಗು ಯುರೋಪಿಗೇ ಮರಳಿತು. ಅದರಲ್ಲಿದ್ದ 254 ಮಂದಿ ಮುಂದೆ ನಾಜಿಗಳ ಕಾಲದಲ್ಲಿ ಸತ್ತರು.

ಹಾಗಾದರೆ ಮಗುವಿಗೆ ಕೊಡಬೇಕಾದ ಉತ್ತರದ ಮೊದಲ ಭಾಗ ಇದು: ಅವರು ಓಡಲು ಸಿದ್ಧರಿದ್ದರು, ತೆರೆದ ಬಾಗಿಲು ಇರಲಿಲ್ಲ.

ಸೈಬೀರಿಯಾದ ರೈಲು

ಈಗ ಪೋಲೆಂಡಿಗೆ ಬರೋಣ. ವಳಿವಡೆಯ ಕಥೆ ಶುರುವಾಗುವುದು ಅಲ್ಲಿ.

1939ರ ಸೆಪ್ಟೆಂಬರ್ 1ರಂದು ಪಶ್ಚಿಮದಿಂದ ಜರ್ಮನಿ, 17ರಂದು ಪೂರ್ವದಿಂದ ಸೋವಿಯತ್ ಒಕ್ಕೂಟ ಪೋಲೆಂಡಿನ ಮೇಲೆ ನುಗ್ಗಿದವು. ದೇಶ ಎರಡು ಪಾಲಾಯಿತು. ಪೂರ್ವದ ಪಾಲಿನಲ್ಲಿ ಸ್ಟಾಲಿನ್ ಸರ್ಕಾರ 1940ರ ಫೆಬ್ರವರಿ, ಏಪ್ರಿಲ್, ಜೂನ್ ಹಾಗೂ 1941ರ ಜೂನ್, ಹೀಗೆ ನಾಲ್ಕು ಸಲ ಜನರನ್ನು ಮನೆಗಳಿಂದ ಎಬ್ಬಿಸಿ ಸರಕು ಸಾಗಿಸುವ ರೈಲು ಡಬ್ಬಿಗಳಲ್ಲಿ ತುಂಬಿ ಸೈಬೀರಿಯಾ, ಕಜಕಸ್ತಾನ, ಉತ್ತರದ ಕಾಡುಗಳಿಗೆ ಅಟ್ಟಿತು. ರಾತ್ರಿ ಬಾಗಿಲು ಬಡಿದು, ಸ್ವಲ್ಪವೇ ಹೊತ್ತಿನಲ್ಲಿ ಗಂಟುಮೂಟೆ ಕಟ್ಟಿಕೊಳ್ಳಿ ಎನ್ನುತ್ತಿದ್ದರು. ಮಾಜಿ ಸೈನಿಕರಿಗೆ ಕೊಟ್ಟ ಜಮೀನುಗಳಲ್ಲಿ ನೆಲೆಸಿದ್ದ ರೈತರು, ಅರಣ್ಯ ಸಿಬ್ಬಂದಿ, ಬಂಧಿತ ಅಧಿಕಾರಿಗಳ ಹೆಂಡತಿ ಮಕ್ಕಳು ಮೊದಲ ಎರಡು ಸರದಿಯಲ್ಲಿ ಹೋದರು. ಇವರಲ್ಲಿ ಹೆಚ್ಚಿನವರು ಕ್ಯಾಥೊಲಿಕ್ ಪೋಲರು. 1940ರ ಜೂನ್ ಸರದಿಯಲ್ಲಿ ಹೋದವರಲ್ಲಿ ಬಹುಪಾಲು ಯಹೂದಿಗಳು: ಜರ್ಮನರ ಪಾಲಿಗೆ ಸೇರಿದ ಪಶ್ಚಿಮದಿಂದ ತಪ್ಪಿಸಿಕೊಂಡು ಪೂರ್ವಕ್ಕೆ ಬಂದಿದ್ದ ನಿರಾಶ್ರಿತರು. 1941ರ ಜೂನ್ ಸರದಿಯಲ್ಲಿ ಎಸ್ತರ್‌ಳ ಕುಟುಂಬವಿತ್ತು.

ಅಲ್ಲಿ ಬದುಕು ಎಂದರೆ ಕೊರೆಯುವ ಚಳಿ, ಮರ ಕಡಿಯುವ ಕೆಲಸ, ಅಳೆದು ಕೊಡುವ ರೊಟ್ಟಿ, ಟೈಫಸ್. ಸಾವಿರಾರು ಮಕ್ಕಳು ಅನಾಥರಾದರು.

ಆದರೆ ಇತಿಹಾಸದ ವಿಪರ್ಯಾಸ ನೋಡಿ. 1941ರ ಜೂನ್ 22ರಂದು ಜರ್ಮನಿ ಸೋವಿಯತ್ ಒಕ್ಕೂಟದ ಮೇಲೆಯೇ ದಾಳಿ ಮಾಡಿತು. ವಿಲ್ನಾದಲ್ಲಿ ಉಳಿದಿದ್ದ ಯಹೂದಿಗಳಲ್ಲಿ ಬಹುತೇಕರು ನಾಜಿಗಳ ಕೈಯಲ್ಲಿ ಸತ್ತರು. ಶಿಕ್ಷೆಯೆಂದು ಸೈಬೀರಿಯಾಕ್ಕೆ ಹೋದ ಎಸ್ತರ್ ಬದುಕಿಕೊಂಡಳು. ಯುದ್ಧಕ್ಕೆ ಮೊದಲು ಪೋಲೆಂಡಿನಲ್ಲಿ ಸುಮಾರು 33 ಲಕ್ಷ ಯಹೂದಿಗಳಿದ್ದರು. ಅವರಲ್ಲಿ ಸುಮಾರು 30 ಲಕ್ಷ ಜನರ ಕೊಲೆಯಾಯಿತು. ಉಳಿದುಕೊಂಡವರಲ್ಲಿ ದೊಡ್ಡ ಪಾಲು ಹೀಗೆ ಸೋವಿಯತ್ ನೆಲದ ಒಳಭಾಗದಲ್ಲಿ ನರಳುತ್ತಲೇ ಉಳಿದವರು.

ದಾರಿ ಎರಡಾದದ್ದು

ಜರ್ಮನಿ ದಾಳಿ ಮಾಡಿದ ಮೇಲೆ ಸ್ಟಾಲಿನ್‌ಗೆ ಮಿತ್ರರು ಬೇಕಾದರು. 1941ರ ಜುಲೈ 30ರಂದು ಲಂಡನ್ನಿನಲ್ಲಿದ್ದ ಪೋಲಿಷ್ ದೇಶಾಂತರ ಸರ್ಕಾರದೊಂದಿಗೆ ಒಪ್ಪಂದವಾಯಿತು, ಗಡೀಪಾರಾದವರಿಗೆ ಬಿಡುಗಡೆ ಘೋಷಣೆಯಾಯಿತು. ಜನರಲ್ ಆಂಡರ್ಸ್ ನಾಯಕತ್ವದಲ್ಲಿ ಪೋಲಿಷ್ ಸೇನೆ ಕಟ್ಟುವ ಕೆಲಸ ಶುರುವಾಯಿತು. ಹಸಿದ ಜನ ರೈಲು ಹತ್ತಿ, ಕಾಲ್ನಡೆಯಲ್ಲಿ, ಸಾವಿರಾರು ಮೈಲು ದಕ್ಷಿಣಕ್ಕೆ ಸೇನೆಯನ್ನು ಹುಡುಕಿಕೊಂಡು ಬಂದರು. 1942ರ ವಸಂತದಲ್ಲಿ ಒಮ್ಮೆ, ಆಗಸ್ಟ್‌ನಲ್ಲಿ ಇನ್ನೊಮ್ಮೆ, ಸೈನಿಕರು ಮತ್ತು ನಾಗರಿಕರು ಸೇರಿ ಸುಮಾರು 1.15 ಲಕ್ಷ ಜನ ಕ್ಯಾಸ್ಪಿಯನ್ ಸಮುದ್ರ ದಾಟಿ ಇರಾನಿನ ಪಹ್ಲವಿ ಬಂದರಿಗೆ ಬಂದಿಳಿದರು. ಹೇನು, ರೋಗ ಹರಡದಿರಲೆಂದು ಅವರ ಬಟ್ಟೆಗಳನ್ನು ಸುಟ್ಟು, ತಲೆ ಬೋಳಿಸಿದರು. ವರ್ಷಗಟ್ಟಲೆ ಹಸಿದ ಹೊಟ್ಟೆಗೆ ಏಕಾಏಕಿ ಅನ್ನ ಬಿದ್ದು ಸತ್ತವರೂ ಇದ್ದರು.

ಈ ಜನರಲ್ಲಿ ಯಹೂದಿಗಳು ಕೆಲವೇ ಸಾವಿರ. ಪೂರ್ವ ಪೋಲೆಂಡಿನ ಯಹೂದಿಗಳು ಇನ್ನು ಪೋಲಿಷ್ ಪ್ರಜೆಗಳಲ್ಲ, ಸೋವಿಯತ್ ಪ್ರಜೆಗಳು ಎಂದು ಸೋವಿಯತ್ ಸರ್ಕಾರ ಹಟ ಹಿಡಿಯಿತು. ಪೋಲಿಷ್ ಸೇನೆಯೊಳಗೂ ಯಹೂದಿಗಳ ಬಗ್ಗೆ ಅಸಹನೆ ಇತ್ತು. ಒಂದೇ ರೈಲಿನಲ್ಲಿ ಬಂದವರು ಬಂದರಿನಲ್ಲಿ ಬೇರೆಯಾದರು. ಕಷ್ಟ ಒಂದೇ ಆಗಿದ್ದರೂ ಹಡಗು ಹತ್ತುವಾಗ ಕಾಗದ ಕೇಳಿದರು, ಕಾಗದದಲ್ಲಿ ಜಾತಿ ಧರ್ಮ ನೋಡಿದರು.

ಆದರೂ ಅನಾಥ ಮಕ್ಕಳ ಗುಂಪುಗಳಲ್ಲಿ ನೂರಾರು ಯಹೂದಿ ಮಕ್ಕಳು ಟೆಹರಾನ್ ತಲುಪಿದರು. ಇತಿಹಾಸದಲ್ಲಿ ಇವರಿಗೆ 'ಟೆಹರಾನ್ ಮಕ್ಕಳು' ಎಂದೇ ಹೆಸರು. ಇವರನ್ನು ಪ್ಯಾಲೆಸ್ಟೈನಿಗೆ ಕಳಿಸುವುದೆಂದು ತೀರ್ಮಾನವಾಯಿತು. ಭೂಮಾರ್ಗದಲ್ಲಿ ಇರಾಕ್ ಅಡ್ಡ, ಇರಾಕ್ ದಾರಿ ಬಿಡಲಿಲ್ಲ. ಅದಕ್ಕಾಗಿ 1943ರ ಜನವರಿಯಲ್ಲಿ ಮೇಲ್ವಿಚಾರಕರೂ ಸೇರಿ ಎಂಟುನೂರಕ್ಕೂ ಹೆಚ್ಚು ಜನ ಡುನೇರಾ ಎಂಬ ಹಡಗಿನಲ್ಲಿ ಇರಾನಿನಿಂದ ಕರಾಚಿಗೆ ಬಂದರು. ಅಂದಿನ ಕರಾಚಿ ಭಾರತದ್ದೇ ಬಂದರು. ಕೆಲ ದಿನ ಅಲ್ಲಿದ್ದು, ಬೇರೆ ಹಡಗಿನಲ್ಲಿ ಸುಯೆಜ್‌ಗೆ, ಅಲ್ಲಿಂದ ರೈಲಿನಲ್ಲಿ ಹೋಗಿ ಫೆಬ್ರವರಿ 18ರಂದು ಪ್ಯಾಲೆಸ್ಟೈನಿನ ಅತ್ಲಿತ್ ತಲುಪಿದರು.

ಅದಾದ ಕೆಲವೇ ತಿಂಗಳಿಗೆ, ಅದೇ ಕರಾಚಿಯ ಮೂಲಕ, ವಳಿವಡೆಯ ಪೋಲಿಷ್ ಕುಟುಂಬಗಳು ಬಂದವು. ನಮ್ಮ ನೆಲಕ್ಕೆ ಎರಡೂ ಕಥೆಗಳು ತಾಗಿದ ಜಾಗ ಕರಾಚಿ. ಒಂದು ಗುಂಪು ಅಲ್ಲಿಂದ ಪಶ್ಚಿಮಕ್ಕೆ ಹೋಯಿತು, ಇನ್ನೊಂದು ಪಂಚಗಂಗೆಯ ಕಡೆ ಬಂತು.

ಬಾಲಾಚಡಿ ಮತ್ತು ವಳಿವಡೆ

ಭಾರತಕ್ಕೆ ಮೊದಲು ಬಂದವರು ಅನಾಥ ಮಕ್ಕಳು. ಗುಜರಾತಿನ ನವಾನಗರ (ಜಾಮನಗರ) ಸಂಸ್ಥಾನದ ಜಾಮ್ ಸಾಹೇಬ್ ದಿಗ್ವಿಜಯಸಿಂಹಜಿ ಅವರು ತಮ್ಮ ಸಂಸ್ಥಾನದ ಬಾಲಾಚಡಿಯಲ್ಲಿ ಶಿಬಿರ ಮಾಡಿಕೊಟ್ಟರು. 1942ರ ಜುಲೈನಲ್ಲಿ ಮಕ್ಕಳು ಅಲ್ಲಿಗೆ ಬಂದರು. ಪೋಲೆಂಡಿನ ರಾಜಧಾನಿ ವಾರ್ಸಾದಲ್ಲಿ ಇಂದು ಅವರ ಹೆಸರಿನ ಚೌಕವಿದೆ.

ಅದೇ 1942ರ ಜುಲೈ ತಿಂಗಳಲ್ಲಿ ಅದೇ ವಾರ್ಸಾದಲ್ಲಿ ನಡೆದ ಒಂದು ಸಂಗತಿಯನ್ನು ಇಲ್ಲಿ ನೆನೆಯಬೇಕು. ಯಹೂದಿಗಳನ್ನು ಕೂಡಿಹಾಕಿದ್ದ ಗೋಡೆಯೊಳಗಿನ ಕೇರಿಯಲ್ಲಿ ಯಾನುಷ್ ಕೋರ್ಚಾಕ್ ಎಂಬ ವೈದ್ಯರು ಅನಾಥಾಲಯ ನಡೆಸುತ್ತಿದ್ದರು. ಅವರು ಮಕ್ಕಳ ಪ್ರೀತಿಯ ಲೇಖಕರೂ ಹೌದು. ಜುಲೈ 18ರಂದು ಅಲ್ಲಿಯ ಮಕ್ಕಳು ನಮ್ಮ ರವೀಂದ್ರನಾಥ ಠಾಕೂರರ 'ಡಾಕ್‌ಘರ್' ನಾಟಕ ಆಡಿದರು. ಕಾಯಿಲೆ ಬಿದ್ದ ಅಮಲ ಎಂಬ ಹುಡುಗ ಕಿಟಕಿಯ ಬಳಿ ಕುಳಿತು ರಾಜನ ಓಲೆಗಾಗಿ ಕಾಯುವ ನಾಟಕ ಅದು. ಆಗಸ್ಟ್ ಮೊದಲ ವಾರದಲ್ಲಿ ಸುಮಾರು 200 ಮಕ್ಕಳನ್ನು ನಾಜಿಗಳು ಟ್ರೆಬ್ಲಿಂಕಾ ಕೊಲೆ ಶಿಬಿರಕ್ಕೆ ಸಾಗಿಸಿದರು. ಕೋರ್ಚಾಕ್ ಮಕ್ಕಳ ಕೈ ಬಿಡದೆ ಅವರೊಂದಿಗೇ ಹೋದರು. ಪೋಲೆಂಡಿನ ಕೆಲವು ಮಕ್ಕಳು ಭಾರತ ಮುಟ್ಟಿದ ಹೊತ್ತಿಗೆ, ಭಾರತದ ನಾಟಕವೊಂದು ಪೋಲೆಂಡಿನ ಆ ಮಕ್ಕಳನ್ನು ಮುಟ್ಟಿತ್ತು. ಅಷ್ಟೇ ಮುಟ್ಟಲು ಸಾಧ್ಯವಾಯಿತು.

ಇನ್ನು ವಳಿವಡೆ. ಇಲ್ಲೊಂದು ತಪ್ಪು ತಿಳಿವಳಿಕೆ ಇದೆ. ಬಾಲಾಚಡಿಯಂತೆ ಇದೂ ಒಬ್ಬ ಮಹಾರಾಜರ ಸ್ವಂತ ದಾನ ಎಂದು ಹಲವರು ಹೇಳುತ್ತಾರೆ. 1943ರಲ್ಲಿ ಕೊಲ್ಹಾಪುರದ ಗಾದಿಯ ಮೇಲಿದ್ದವರು ಪುಟ್ಟ ಬಾಲಕ ಶಿವಾಜಿ. ಆಡಳಿತ ಬೇರೆಯವರ ಕೈಯಲ್ಲಿತ್ತು. ಕೊಲ್ಹಾಪುರ ಸಂಸ್ಥಾನದ ನೆಲದಲ್ಲಿ, ಅಂದಿನ ಭಾರತ ಸರ್ಕಾರದ ವ್ಯವಸ್ಥೆಯಲ್ಲಿ, ಪೋಲಿಷ್ ದೇಶಾಂತರ ಸರ್ಕಾರದ ಖರ್ಚಿನಲ್ಲಿ ಈ ಶಿಬಿರ ಎದ್ದಿತು. ಇಲ್ಲಿಯ ಹಿತವಾದ ಹವೆ, ಮೀರಜ–ಕೊಲ್ಹಾಪುರ ರೈಲುಮಾರ್ಗ, ಪಕ್ಕದಲ್ಲೇ ನದಿಯ ನೀರು, ಇವೆಲ್ಲ ಅನುಕೂಲವಾದವು. 1943ರ ಜೂನ್‌ನಿಂದ ಜನ ಬರತೊಡಗಿದರು. ನೋಡನೋಡುತ್ತ ಸುಮಾರು 5,000 ಜನರ ಊರಾಯಿತು. ಗಂಡಸರು ಯುದ್ಧಭೂಮಿಯಲ್ಲಿದ್ದರು ಇಲ್ಲವೇ ತೀರಿಹೋಗಿದ್ದರು. ಇಲ್ಲಿದ್ದವರು ಹೆಚ್ಚಾಗಿ ಹೆಂಗಸರು, ಮಕ್ಕಳು, ಮುದುಕರು.

ಇದು ಯಾವ ವರ್ಷ ಎಂಬುದನ್ನೂ ಗಮನಿಸಬೇಕು. 1943ರಲ್ಲಿ ಬಂಗಾಳದಲ್ಲಿ ಬರಗಾಲ, ಲಕ್ಷಗಟ್ಟಲೆ ಜನ ಹಸಿವಿನಿಂದ ಸಾಯುತ್ತಿದ್ದರು. ಭಾರತ ಸ್ವತಂತ್ರವಾಗಿರಲಿಲ್ಲ, ನಾಯಕರು ಕ್ವಿಟ್ ಇಂಡಿಯಾ ಚಳವಳಿಯಿಂದ ಜೈಲಿನಲ್ಲಿದ್ದರು. ಅಂಥ ಕಷ್ಟದ ನಡುವೆಯೂ ಈ ನೆಲ ಐದು ಸಾವಿರ ಪರಕೀಯರಿಗೆ ಜಾಗ ಮಾಡಿಕೊಟ್ಟಿತು.

ಉದ್ದುದ್ದ ಸಾಲುಮನೆಗಳು, ಹೆಂಚಿನ ಮಾಡು. ಚರ್ಚು, ಆಸ್ಪತ್ರೆ, ಅಂಚೆ ಕಚೇರಿ, ನಾಟಕದ ರಂಗ. ಎಲ್ಲಕ್ಕಿಂತ ಮೊದಲು ಶಾಲೆ. ಶಿಶುವಿಹಾರದಿಂದ ಪ್ರೌಢಶಾಲೆಯವರೆಗೆ ಪಾಠ ನಡೆದದ್ದು ಪೋಲಿಷ್ ಭಾಷೆಯಲ್ಲಿ. ಸೈಬೀರಿಯಾದಲ್ಲಿ ಎರಡು ಮೂರು ವರ್ಷ ಓದು ಬರಹ ಬಿಟ್ಟಿದ್ದ ಮಕ್ಕಳನ್ನು ಕೂರಿಸಿಕೊಂಡು ಮತ್ತೆ ಅಕ್ಷರ ತಿದ್ದಿಸಿದರು. ಸ್ಕೌಟ್ ದಳ ಕಟ್ಟಿದರು, ತಮ್ಮ ಹಬ್ಬ, ಹಾಡು, ಕುಣಿತ ಉಳಿಸಿಕೊಂಡರು.

ಗಡಿನಾಡಿನ ಕನ್ನಡಿಗರಾದ ನಮಗೆ ಇದರ ಬೆಲೆ ಬೇರೆಯವರಿಗಿಂತ ಹೆಚ್ಚು ತಿಳಿಯಬೇಕು. ಸುತ್ತ ಬೇರೆ ಭಾಷೆಯಿರುವ ಊರಿನಲ್ಲಿ ಮಕ್ಕಳಿಗೆ ತಾಯಿನುಡಿ ಕಲಿಸುವುದೆಂದರೆ ಏನು ಎಂಬುದು ನಮಗೆ ಗೊತ್ತು. ಹಾಗೆಂದು ನಮ್ಮ ಸ್ಥಿತಿ ಅವರದ್ದು ಎನ್ನುವಂತಿಲ್ಲ. ನಾವು ತಲೆತಲಾಂತರದಿಂದ ಇಲ್ಲಿಯವರೇ, ಹೊರಗಿನವರಲ್ಲ. ಆದರೂ ಎಲ್ಲ ಕಳೆದುಕೊಂಡ ತಾಯಂದಿರು ಮೊದಲು ಹಿಡಿದುಕೊಂಡದ್ದು ಭಾಷೆಯನ್ನು ಎಂಬ ಮಾತು ನಮ್ಮ ಮಕ್ಕಳಿಗೆ ಹೇಳತಕ್ಕದ್ದೇ.

ಯುದ್ಧ ಮುಗಿದರೂ ಅವರು ಮನೆಗೆ ಹೋಗಲಾಗಲಿಲ್ಲ. 1945ರ ಯಾಲ್ಟಾ ಒಪ್ಪಂದದಲ್ಲಿ ಪೂರ್ವ ಪೋಲೆಂಡ್ ಸೋವಿಯತ್ ಒಕ್ಕೂಟದ ಪಾಲಾಗಿತ್ತು. ಅವರ ಊರು, ಹೊಲ, ಮನೆ ಈಗ ಬೇರೆ ದೇಶ. ಕೆಲವರು ಹೊಸ ಪೋಲೆಂಡಿಗೆ ಮರಳಿದರು, ಬಹಳ ಜನ ಬ್ರಿಟನ್, ಆಸ್ಟ್ರೇಲಿಯಾ, ಕೆನಡಾ, ಅಮೆರಿಕಗಳಿಗೆ ಚದುರಿದರು. ಇಲ್ಲಿಯವರನ್ನೇ ಮದುವೆಯಾಗಿ ಇಲ್ಲೇ ಉಳಿದವರೂ ಉಂಟು. 1948ರಲ್ಲಿ ಶಿಬಿರ ಮುಚ್ಚಿತು.

ಖಾಲಿಯಾದ ಮನೆಗಳು ಖಾಲಿ ಉಳಿಯಲಿಲ್ಲ. ದೇಶವಿಭಜನೆಯಲ್ಲಿ ಎಲ್ಲ ಬಿಟ್ಟು ಬಂದ ಸಿಂಧಿ ಕುಟುಂಬಗಳಿಗೆ ಅದೇ ಜಾಗ ಸಿಕ್ಕಿತು. ಅವರು ಬಂದದ್ದು ಕರಾಚಿಯ ಕಡೆಯಿಂದಲೇ. ಸಣ್ಣದಾಗಿ ಬಟ್ಟೆ ವ್ಯಾಪಾರ ಹೂಡಿ ಬೆಳೆಸಿದ ಆ ಊರೇ ಇಂದಿನ ಗಾಂಧಿನಗರ.

ಹಾಗಾದರೆ ಯಹೂದಿಗಳು ಭಾರತಕ್ಕೆ ಬರಲೇ ಇಲ್ಲವೇ?

ಬಂದರು, ಆದರೆ ಶಿಬಿರಕ್ಕಲ್ಲ. ಒಬ್ಬೊಬ್ಬರಾಗಿ, ಕೆಲಸವೋ ಜವಾಬ್ದಾರಿ ಹೊರುವವರೋ ಇದ್ದರೆ ಬಂದರು.

ನಮ್ಮ ಮೈಸೂರು ಸಂಸ್ಥಾನವೇ ಒಳ್ಳೆಯ ಉದಾಹರಣೆ. ಜರ್ಮನಿಯಲ್ಲಿ ಹುದ್ದೆ ಕಳೆದುಕೊಂಡ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ 1935–36ರಲ್ಲಿ ಸಿ. ವಿ. ರಾಮನ್ ಅವರ ಕರೆಯ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲ ತಿಂಗಳು ಇದ್ದರು. ಮುಂದೆ ಅವರಿಗೆ ನೊಬೆಲ್ ಬಂತು. ಅವರ ಸೋದರಳಿಯ, ಬರ್ಲಿನ್ನಿನ ಓಟ್ಟೊ ಕೋನಿಗ್ಸ್‌ಬರ್ಗರ್, ಯಹೂದಿ ಮೂಲದ ಕಾರಣಕ್ಕೆ ಸರ್ಕಾರಿ ಕೆಲಸ ಕಳೆದುಕೊಂಡ ವಾಸ್ತುಶಿಲ್ಪಿ. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ, 1939ರಲ್ಲಿ, ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು. ವಿಜ್ಞಾನ ಸಂಸ್ಥೆಯ ಕೆಲವು ಕಟ್ಟಡಗಳು ಅವರ ವಿನ್ಯಾಸ. ಮುಂದೆ ಭುವನೇಶ್ವರ ನಗರದ ನಕ್ಷೆ ಹಾಕಿದವರೂ ಅವರೇ.

ಇನ್ನೊಂದು ಉದಾಹರಣೆ ನಮ್ಮ ಅಡುಗೆಮನೆಗಳಲ್ಲೇ ಇತ್ತು. ಧಾರವಾಡ ಆಕಾಶವಾಣಿ ಬೆಳಿಗ್ಗೆ ಶುರುವಾಗುವ ಮೊದಲು ಕೇಳಿಬರುತ್ತಿದ್ದ ಆ ಸಂಕೇತ ಧ್ವನಿ ನೆನಪಿದೆಯಲ್ಲ? ಅದನ್ನು ಸಂಯೋಜಿಸಿದವರೆಂದು ಹೆಸರಾದವರು ವಾಲ್ಟರ್ ಕೌಫ್‌ಮನ್, ಇಂದಿನ ಚೆಕ್ ದೇಶದಲ್ಲಿ ಹುಟ್ಟಿದ ಯಹೂದಿ. 1934ರಲ್ಲಿ ಮುಂಬಯಿಗೆ ಬಂದು ಅಲ್ಲಿಯ ಆಕಾಶವಾಣಿಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದರು. ಒಬ್ಬ ನಿರಾಶ್ರಿತನ ರಾಗ ಕೇಳಿ ನಾವು ಒಲೆ ಹೊತ್ತಿಸಿದ್ದೇವೆ, ನಮಗೆ ಗೊತ್ತಿರಲಿಲ್ಲ ಅಷ್ಟೇ.

ಆದರೆ ಇವರೆಲ್ಲ ವಿದ್ಯೆ, ಪರಿಚಯ, ಕೆಲಸ ಇದ್ದವರು. 1939ರಲ್ಲಿ ಯುದ್ಧ ಶುರುವಾದಾಗ ಬ್ರಿಟಿಷ್ ಸರ್ಕಾರ ಇಲ್ಲಿದ್ದ ಜರ್ಮನ್ ಪ್ರಜೆಗಳನ್ನು 'ಶತ್ರು ದೇಶದವರು' ಎಂದು ಹಿಡಿದಾಗ ಹಿಟ್ಲರನಿಂದ ತಪ್ಪಿಸಿಕೊಂಡು ಬಂದ ಯಹೂದಿಗಳೂ ಸಿಕ್ಕಿಬಿದ್ದರು. ನಮಗೆ ಹತ್ತಿರದ ಸಾತಾರಾ, ಪುರಂದರಗಳಲ್ಲೂ ಅಂಥವರನ್ನು ಇರಿಸಿದ್ದರು. ಶಾಲೆಗೆ ಹೋಗುವ, ಕೈಯಲ್ಲಿ ಯಾವ ಕಸುಬೂ ಇಲ್ಲದ ಸಾಮಾನ್ಯ ಮಗುವಿಗೆ ಈ ಬಾಗಿಲು ತೆರೆಯುತ್ತಿರಲಿಲ್ಲ.

ಮಗುವಿನ ಪ್ರಶ್ನೆಗೆ ಉತ್ತರದ ಎರಡನೆಯ ಭಾಗ ಇದು. "ಆನ್ ಫ್ರಾಂಕ್ ಕೊಲ್ಹಾಪುರಕ್ಕೆ ಬಂದಿದ್ದರೆ ಉಳಿಯುತ್ತಿದ್ದಳೇ?" ಬಂದಿದ್ದರೆ ಬಹುಶಃ ಉಳಿಯುತ್ತಿದ್ದಳು. ಆದರೆ ಆಕೆಯನ್ನು ಇಲ್ಲಿಗೆ ಕರೆತರುವ ಹಡಗು, ಕಾಗದ, ಖರ್ಚು ಕೊಡುವ ಸರ್ಕಾರ ಯಾವುದೂ ಇರಲಿಲ್ಲ. ವಳಿವಡೆಯ ಮಕ್ಕಳ ಬೆನ್ನಿಗೆ ಲಂಡನ್ನಿನಲ್ಲಿ ಕುಳಿತ ಅವರದೇ ಒಂದು ಸರ್ಕಾರವಿತ್ತು, ಯುದ್ಧದಲ್ಲಿ ಅವರ ಅಪ್ಪಂದಿರ ಸೇನೆ ಬ್ರಿಟಿಷರಿಗೆ ಬೇಕಾಗಿತ್ತು. ಯಹೂದಿ ಮಗುವಿನ ಬೆನ್ನಿಗೆ ಯಾರೂ ಇರಲಿಲ್ಲ. ವ್ಯತ್ಯಾಸ ಇಷ್ಟೇ, ಆದರೆ ಜೀವ ಹೋಗುವಷ್ಟು ದೊಡ್ಡದು.

ಮಕ್ಕಳೊಂದಿಗೆ ಓದುವಾಗ

ಮನೆಯಲ್ಲಿ, ಶಾಲೆಯಲ್ಲಿ, ಸಂಘದ ಓದಿನ ಕೂಟಗಳಲ್ಲಿ ಈ ಪುಸ್ತಕಗಳನ್ನು ಹಿಡಿಯುವವರಿಗೆ ನಾಲ್ಕು ಸೂಚನೆಗಳು.

1. ಹತ್ತು ವರ್ಷದೊಳಗಿನವರಿಗೆ ಜುಡಿತ್ ಕೆರ್ ಅಥವಾ ಲೌರಿ ಸಾಕು. ಕೊಲೆ ಶಿಬಿರಗಳ ವಿವರ ಬೇಡ. ಎಸ್ತರ್ ಹೌಟ್‌ಜಿಗ್ ಮತ್ತು ಆನ್ ಫ್ರಾಂಕ್ ಹನ್ನೆರಡರ ಮೇಲಿನವರಿಗೆ.

2. ಯಾವುದು ನಡೆದದ್ದು, ಯಾವುದು ಕಲ್ಪನೆ ಎಂದು ಬೇರ್ಪಡಿಸಿ ಹೇಳಿ. 'ದಿ ಬಾಯ್ ಇನ್ ದಿ ಸ್ಟ್ರೈಪ್ಡ್ ಪಜಾಮಾಸ್' (2006) ಬಹಳ ಜನಪ್ರಿಯ, ಆದರೆ ಅದು ಪೂರ್ತಿ ಕಲ್ಪನೆ. ಆ ಶಿಬಿರಗಳ ಇತಿಹಾಸ ಕಲಿಯಬೇಕೆನ್ನುವವರು ಅದನ್ನು ಓದದಿರುವುದೇ ಒಳ್ಳೆಯದು ಎಂದು ಆಷ್‌ವಿಟ್ಸ್ ಸ್ಮಾರಕ ವಸ್ತುಸಂಗ್ರಹಾಲಯವೇ 2020ರಲ್ಲಿ ಹೇಳಿದೆ.

3. ವಳಿವಡೆಯವರನ್ನು ಯಹೂದಿಗಳೆನ್ನಬೇಡಿ. ಇಬ್ಬರ ನೋವೂ ನಿಜ. ಒಂದನ್ನು ಇನ್ನೊಂದರಲ್ಲಿ ಕಲಸಿದರೆ ಇಬ್ಬರಿಗೂ ಅನ್ಯಾಯ.

4. ಓದಿದ ಮೇಲೆ ಒಂದು ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗಿ. ಕೊಲ್ಹಾಪುರದ ಮಹಾವೀರ ಉದ್ಯಾನದಲ್ಲಿ ಪೋಲಿಷ್ ನಿರಾಶ್ರಿತರ ಸ್ಮಾರಕ ಸ್ತಂಭವಿದೆ. ಇಲ್ಲೇ ತೀರಿಕೊಂಡವರ ಗೋರಿಗಳು ನಗರದ ಕ್ರೈಸ್ತ ಸ್ಮಶಾನದಲ್ಲಿವೆ. ವಳಿವಡೆ ರೈಲು ನಿಲ್ದಾಣದಲ್ಲಿ ಇಳಿದು ಗಾಂಧಿನಗರದವರೆಗೆ ನಡೆದರೆ ಕಥೆ ತಾನಾಗಿ ತೆರೆದುಕೊಳ್ಳುತ್ತದೆ. ವಾರ್ಸಾದಲ್ಲಿಯೂ ಕೊಲ್ಹಾಪುರದ ಹೆಸರಿನ ಸ್ಮಾರಕ ಫಲಕವಿದೆ. 2024ರ ಆಗಸ್ಟ್‌ನಲ್ಲಿ ಭಾರತದ ಪ್ರಧಾನಿ ಅಲ್ಲಿಗೆ ಹೋಗಿ ಗೌರವ ಸಲ್ಲಿಸಿದ್ದನ್ನು ಪತ್ರಿಕೆಗಳಲ್ಲಿ ಓದಿರಬಹುದು.

ಕೊನೆಯದಾಗಿ ಒಂದು ವಿನಂತಿ. 1943ರಿಂದ 1948ರ ನಡುವೆ ವಳಿವಡೆಗೆ ಹಾಲು, ಕಾಯಿಪಲ್ಲೆ ಕೊಟ್ಟವರು, ಅಲ್ಲಿ ಕೆಲಸಕ್ಕೆ ಹೋದವರು, ರಜೆಯಲ್ಲಿ ಪೋಲಿಷ್ ಮಕ್ಕಳನ್ನು ಕಂಡವರು ನಮ್ಮ ಸದಸ್ಯರ ಮನೆತನಗಳಲ್ಲೂ ಇರಬಹುದು. ಅವರೀಗ ತೊಂಬತ್ತರ ಆಸುಪಾಸಿನವರು, ಅಥವಾ ಅವರು ಹೇಳಿದ್ದನ್ನು ಕೇಳಿದ ಮಕ್ಕಳು ಮೊಮ್ಮಕ್ಕಳು ಇದ್ದಾರೆ. ಅಜ್ಜ ಅಜ್ಜಿಯ ಪಕ್ಕ ಕುಳಿತು ಕೇಳಿ, ಎರಡೇ ಸಾಲಾದರೂ ಸರಿ, ಬರೆದು ಸಂಘಕ್ಕೆ ಕಳಿಸಿ. ಯುರೋಪಿನ ಮಕ್ಕಳ ಕಥೆಯನ್ನು ಯುರೋಪಿನವರು ಬರೆದಿದ್ದಾರೆ. ಪಂಚಗಂಗೆಯ ದಂಡೆಯಲ್ಲಿ ನಿಂತು ಆ ಮಕ್ಕಳನ್ನು ನೋಡಿದವರ ಕಥೆ ಕನ್ನಡದಲ್ಲಿ ಬರೆಯುವುದು ನಮ್ಮ ಪಾಲಿನ ಕೆಲಸ.

ಮುಂದಿನ ಸಲ ಜವಳಿಗೆ ಗಾಂಧಿನಗರಕ್ಕೆ ಹೋದಾಗ, ಗಂಟು ಕಟ್ಟಿಸುವ ಹೊತ್ತಿನಲ್ಲಿ, ಮಕ್ಕಳಿಗೆ ಇಷ್ಟು ಹೇಳಿ: ಈ ನೆಲಕ್ಕೆ ಎರಡು ಸಲ ಮನೆ ಕಳೆದುಕೊಂಡವರು ಬಂದರು, ಎರಡು ಸಲವೂ ಜಾಗ ಸಿಕ್ಕಿತು. ಬರಲಾಗದೆ ಹೋದವರೂ ಇದ್ದರು ಎಂಬುದನ್ನೂ ಹೇಳಿ.